ನನ್ನ ತಂಗಿಯ ಎಡಗೆನ್ನೆ

ನಾನು ಮಕ್ಕಳಿಗೆ ನೀರು ಹಾಕುವ ಕೆಲಸದವಳು. ಬಸವನಗುಡಿ, ಚಾಮರಾಜಪೇಟೆ, ಅಪರೂಪಕ್ಕೆ ಮಲ್ಲೇಶ್ವರದ ಮನೆಗಳಲ್ಲಿ ಹೆರಿಗೆಯಾದರೆ ನನ್ನನ್ನು ಕರೆಯುತ್ತಿದ್ದರು. ಬೆಳಗ್ಗೆ ಹೋಗಿ ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದು, ಆಮೇಲೆ ಮಗುವನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತೀಡಿ ಸ್ನಾನ ಮಾಡಿಸುವುದು, ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿ ಬರುವುದು. ನಮ್ಮಮ್ಮನೂ ಇದನ್ನೇ ಮಾಡುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಅವಳ ಹಿಂದೆ ಓಡಾಡಿ ಕಲಿತೆ. ಮಗುವಿನ ತಲೆ ಒಂದು ಕಡೆ ಚಪ್ಪಟೆಯಿದ್ದರೆ ಅಂಗೈಯಲ್ಲಿ ಒತ್ತಿ ಗುಂಡಗೆ ಮಾಡುತ್ತಿದ್ದೆವು. ಮೂಗು ಮೊಂಡಾಗಿದ್ದರೆ ಎರಡು ಬೆರಳಲ್ಲಿ ಎಳೆಯುತ್ತಿದ್ದೆವು. ಕೆನ್ನೆ ಬತ್ತಿದ್ದರೆ ಹೆಬ್ಬೆರಳನ್ನು ಮೂಗಿನ ಪಕ್ಕ ಇಟ್ಟು ಕಿವಿಯವರೆಗೆ ತೀಡುತ್ತಿದ್ದೆವು. ಕೆಲವೇ ತಿಂಗಳಲ್ಲಿ ಮಗು ಮೈಕೈ ತುಂಬಿಕೊಂಡಾಗ ಮನೆಯವರು, “ಎಲ್ಲಾ ನಿಮ್ಮ ಕೈಗುಣ,” ಎನ್ನುತ್ತಿದ್ದರು. ಹಾಲು ಕುಡಿದ ಮಗು ತಾನಾಗಿಯೇ ತುಂಬಿಕೊಳ್ಳುತ್ತದೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಒಪ್ಪುತ್ತಿರಲಿಲ್ಲ.

ಆ ಕೈಗುಣಕ್ಕೆ ಬಗ್ಗದ ಮುಖ ಒಂದೇ ಒಂದಿತ್ತು. ಅದು ನಮ್ಮ ಮನೆಯಲ್ಲೇ ಇತ್ತು.

ನನ್ನ ತಂಗಿ ನನಗಿಂತ ಬಹಳ ಚಿಕ್ಕವಳು. ಮಾವಳ್ಳಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳಿಗೆ ಮೊದಲ ನೀರು ಹಾಕಿದ್ದು ಅಮ್ಮ, ಬಟ್ಟೆ ಹಿಡಿದುಕೊಂಡು ನಿಂತವಳು ನಾನು. ಅವಳು ಹೈಸ್ಕೂಲಿನಲ್ಲಿದ್ದಾಗ ಎಡಗಣ್ಣಿನ ಕೆಳಗೆ ಸಣ್ಣದೊಂದು ಬಿಳಿಚಿದ ಗುರುತು ಕಾಣಿಸಿಕೊಂಡಿತು. ಜಂತುಹುಳುವಿನ ದೋಷ ಎಂದು ಬೇವಿನ ರಸ ಕುಡಿಸಿದೆವು. ಗುರುತಿನ ಸುತ್ತ ಕೆನ್ನೆ ಇಳಿಯತೊಡಗಿತು. ನೋವಿಲ್ಲ, ಗಾಯವಿಲ್ಲ, ಯಾರೋ ಒಳಗಿನಿಂದ ಚಮಚದಲ್ಲಿ ತೋಡಿಕೊಂಡ ಹಾಗೆ ವರ್ಷದಿಂದ ವರ್ಷಕ್ಕೆ ಆ ಅರ್ಧ ಮುಖ ಬತ್ತಿತು. ಬಲಗಡೆ ನೋಡಿದರೆ ಹದಿನೆಂಟರ ಹುಡುಗಿ, ಎಡಗಡೆ ನೋಡಿದರೆ ಮುದುಕಿ. “ಒಂದೇ ದವಡೇಲಿ ಊಟ ಮಾಡ್ತೀಯೇನೇ?” ಎಂದು ನಮ್ಮ ಸೋದರತ್ತೆ ಮದುವೆಮನೆಯ ಪಂಕ್ತಿಯಲ್ಲೇ ಕೇಳಿದ್ದಳು. ತಂಗಿ ನಗುತ್ತಾ, “ಹೌದತ್ತೆ, ಇನ್ನೊಂದು ದವಡೆ ನಿಮಗೆ ಉತ್ತರ ಕೊಡೋದಕ್ಕೆ ಇಟ್ಕೊಂಡಿದೀನಿ,” ಎಂದಳು. ಅದಾದ ಮೇಲೆ ಅವಳು ಯಾವ ಮದುವೆಗೂ ಬರಲಿಲ್ಲ.

ಅಮ್ಮ ಹೋದಳು. ನಾನು ಮದುವೆಯಾಗಿ ಹೋಗಿ, ಅಲ್ಲಿ ಬಾಳಲಾಗದೆ ಮನೆಗೆ ವಾಪಸ್ಸು ಬಂದೆ. ತಂಗಿ ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತು, ಗಾಂಧಿ ಬಜಾರಿನ ಹತ್ತಿರ ಒಂದು ಡಿಟಿಪಿ ಅಂಗಡಿಗೆ ಸೇರಿದಳು. ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ, ಎಲ್ಲ ಅವಳೇ ಟೈಪು ಮಾಡುತ್ತಿದ್ದಳು. ಅವಳ ಮೇಜು ಮೂಲೆಯಲ್ಲಿತ್ತು. ಬಂದವರ ಜೊತೆ ಮಾತಾಡುವುದು ಮಾಲೀಕರ ಕೆಲಸ. ಅವರು ಒಳ್ಳೆಯವರು. ಚಾಮರಾಜಪೇಟೆಯಲ್ಲಿ ಇನ್ನೊಂದು ಅಂಗಡಿ ತೆರೆಯುತ್ತೇನೆ, ಅದನ್ನು ನೀನೇ ನಡೆಸಬೇಕು ಎಂದು ಅವಳಿಗೆ ಹೇಳಿದ್ದರು. ನಡೆಸುವುದೆಂದರೆ ಬಾಗಿಲಿಗೆ ಎದುರಾಗಿ ಕೂತು, ಬರುವವರ ಮುಖ ನೋಡಿ ಮಾತಾಡುವುದು. ತಂಗಿ ತಕ್ಷಣ ಇಲ್ಲವೆನ್ನಲಿಲ್ಲ. ಮನೆಗೆ ಬಂದು, “ಅಕ್ಕ, ಆಸ್ಪತ್ರೆಗೆ ಹೋಗೋಣ,” ಎಂದಳು. ಅಷ್ಟು ವರ್ಷಗಳಲ್ಲಿ ಅವಳು ತಾನಾಗಿ ಆ ಮಾತು ಎತ್ತಿದ್ದು ಅದೇ ಮೊದಲು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಊರಿನ ಆಚೆ ಬದಿಯ ದೊಡ್ಡ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡುವ ಡಾಕ್ಟರೊಬ್ಬರು ಅವಳನ್ನು ನೋಡಿದರು. ಈ ಕಾಯಿಲೆ ತಾನಾಗಿ ಬರುತ್ತದೆ, ಕೆಲವು ವರ್ಷ ಮುಖವನ್ನು ಒಳಗಿನಿಂದ ಕರಗಿಸಿ ತಾನಾಗಿ ನಿಲ್ಲುತ್ತದೆ, ಕಾರಣ ಯಾರಿಗೂ ಗೊತ್ತಿಲ್ಲ, ಇವಳಿಗೆ ನಿಂತ ಹಾಗೆ ಕಾಣುತ್ತದೆ ಎಂದರು. ಹೊಟ್ಟೆಯಿಂದ ಕೊಬ್ಬು ತೆಗೆದು, ಶುದ್ಧ ಮಾಡಿ, ಸಣ್ಣ ಸೂಜಿಯಿಂದ ಕೆನ್ನೆಯೊಳಗೆ ಹನಿಹನಿಯಾಗಿ ತುಂಬಬಹುದು. ಹಾಕಿದ್ದೆಲ್ಲ ಉಳಿಯುವುದಿಲ್ಲ, ಸ್ವಲ್ಪ ಕರಗುತ್ತದೆ, ಆಗ ಇನ್ನೊಮ್ಮೆ ತುಂಬಬೇಕಾಗಬಹುದು.

“ಹೊಟ್ಟೆ ಕರಗಿಸಿ ಕೆನ್ನೆ ತುಂಬಿಸ್ತಾರಂತೆ ಕಣಕ್ಕ,” ಎಂದು ತಂಗಿ ಬಸ್ಸಿನಲ್ಲಿ ನಕ್ಕಳು. “ಒಂದೇ ಖರ್ಚಲ್ಲಿ ಎರಡು ಕೆಲಸ.”

ಎಷ್ಟು ಉಳಿಯಿತು, ಎಷ್ಟು ಕರಗಿತು ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲವಂತೆ. ಅದಕ್ಕೆ ಆಸ್ಪತ್ರೆಯವರು ಹೊಸದೊಂದು ಯಂತ್ರ ತರಿಸಿದ್ದರು. ಒಂದು ಕೋಣೆಯಲ್ಲಿ ಕುರ್ಚಿ, ಅದರ ಮುಂದೆ ಎಡಕ್ಕೂ ಬಲಕ್ಕೂ ಕಂಬಕ್ಕೆ ಕೂರಿಸಿದ ಕ್ಯಾಮರಾಗಳು. ಎಲ್ಲವೂ ಒಟ್ಟಿಗೆ ಮಿಂಚುತ್ತವೆ. ಆ ಚಿತ್ರಗಳನ್ನು ಸೇರಿಸಿ ಕಂಪ್ಯೂಟರು ಉಬ್ಬುತಗ್ಗು ಇರುವ ಪೂರ್ತಿ ಮುಖವನ್ನೇ ಮಾಡಿಬಿಡುತ್ತದೆ. ಸರ್ಜರಿಗೆ ಮುಂಚೆ ಒಂದು, ಆಮೇಲೆ ಒಂದು, ಮೂರು ತಿಂಗಳಿಗೆ ಇನ್ನೊಂದು. ಒಂದರ ಮೇಲೊಂದು ಇಟ್ಟು ನೋಡಿದರೆ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ.

ಮೊದಲ ದಿನ ಚಿತ್ರ ತೆಗೆಯುವವರು ಅವಳ ಕೂದಲನ್ನು ಪಟ್ಟಿಯಿಂದ ಹಿಂದಕ್ಕೆ ಕಟ್ಟಿ, ಮುಖ ನೋಡಿ ನಿಂತುಬಿಟ್ಟರು.

“ಎಣ್ಣೆ ಹಚ್ಕೊಂಡು ಬಂದಿದೀರಲ್ಲ ಮೇಡಂ. ಮುಖ ಹೊಳೆದ್ರೆ ಕಂಪ್ಯೂಟರ್‌ಗೆ ಸಿಗಲ್ಲ, ಅಲ್ಲಿ ತೂತು ಬೀಳುತ್ತೆ.”

“ನಮ್ಮಕ್ಕನ ಕೆಲಸ ಸಾರ್ ಅದು. ಸುಮ್ನೆ ಕೂತ್ರೆ ಗೋಡೆಗೂ ಎಣ್ಣೆ ಹಚ್ತಾಳೆ.”

ಹತ್ತಿಯಿಂದ ಮುಖ ಒರೆಸಿದರು. ತುಟಿ ಮುಚ್ಚಿ, ಹಲ್ಲು ಕಚ್ಚಬೇಡಿ, ನಗಬೇಡಿ, ಎದುರಿನ ಗುರುತನ್ನು ನೋಡಿ ಎಂದರು. ಆಮೇಲೆ ಪರದೆಯ ಮೇಲೆ ಅವಳ ಮುಖ ಬಂತು, ಬೂದು ಬಣ್ಣದ್ದು, ಗೊಂಬೆ ಮಾಡುವವರು ಮಣ್ಣಿನಲ್ಲಿ ಮೆತ್ತಿದ ಹಾಗೆ. ಅವರು ಅದನ್ನು ಮೆಲ್ಲಗೆ ತಿರುಗಿಸಿದರು. ಎಡಗಡೆ ಬಂದಾಗ ನಾನು ಕಣ್ಣು ಬೇರೆ ಕಡೆ ಇಟ್ಟೆ. ತಂಗಿ ಮಾತ್ರ ಮುಂದಕ್ಕೆ ಬಾಗಿ ನೋಡಿದಳು. “ಇನ್ನೂ ಸ್ವಲ್ಪ ತಿರುಗಿಸಿ ಸಾರ್. ಆ ಕಡೆಯಿಂದ ನಾನು ಯಾವತ್ತೂ ನೋಡಿಲ್ಲ.”

ಸರ್ಜರಿ ಚೆನ್ನಾಗಿಯೇ ಆಯಿತು. ಊತ ಇಳಿಯುತ್ತಿದ್ದಂತೆ ಅವಳಿಗೆ ಕೆನ್ನೆ ಬಂದಿತ್ತು. ಎರಡೂ ಕಡೆ ಒಬ್ಬಳೇ ಹುಡುಗಿ. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕರೆದು ಹೇಳಿದರು: “ನೋಡಿಮ್ಮ, ಒಳಗೆ ಹಾಕಿರೋ ಕೊಬ್ಬಿಗೆ ಇನ್ನೂ ರಕ್ತ ಓಡ್ತಿಲ್ಲ. ಈಗ ತಾನೇ ನಾಟಿ ಮಾಡಿದ ಪೈರಿನ ಹಾಗೆ. ಒತ್ತಬಾರದು, ಉಜ್ಜಬಾರದು, ಶಾಖ ಕೊಡಬಾರದು, ಆ ಮಗ್ಗುಲಲ್ಲಿ ಮಲಗಬಾರದು. ಏನೂ ಮಾಡದೇ ಇರೋದೇ ಔಷಧಿ.” ನಾನು ತಲೆಯಾಡಿಸಿದೆ.

ನನಗೆ ಡಾಕ್ಟರುಗಳ ‘ಬೇಡ’ ಹೊಸದಲ್ಲ. ಮಗುವಿನ ಮೂಗು ಎಳೆಯಬೇಡಿ, ತಲೆ ಒತ್ತಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ ಎಂದು ಹೆರಿಗೆ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು. ಮನೆಗೆ ಬಂದ ಮರುದಿನವೇ ಮಗುವಿನ ಮನೆಯವರು ನನ್ನನ್ನು ಕರೆಯುತ್ತಿದ್ದರು. ಬಸವನಗುಡಿಯಲ್ಲಿ ಮಕ್ಕಳ ಡಾಕ್ಟರೊಬ್ಬರ ಮನೆಗೇ ನಾನು ನೀರು ಹಾಕಲು ಹೋಗಿದ್ದೆ. ಅವರು ಕ್ಲಿನಿಕ್ಕಿಗೆ ಹೊರಟ ಮೇಲೆ ಅವರ ತಾಯಿ ಹಿಂಬಾಗಿಲು ತೆಗೆಯುತ್ತಿದ್ದರು. “ಆಸ್ಪತ್ರೇಲಿ ಹೇಳೋದು ಬೇರೆ, ಮನೇಲಿ ಮಾಡೋದು ಬೇರೆ. ನೀನು ಸರಿಯಾಗಿ ತೀಡಮ್ಮ,” ಎನ್ನುತ್ತಿದ್ದರು. ಸಂಜೆ ಡಾಕ್ಟರು ಮಗುವನ್ನು ಎತ್ತಿಕೊಂಡು ಎಷ್ಟು ದುಂಡಗಾಗಿದಾನೆ ಎಂದು ಮೆಚ್ಚುತ್ತಿದ್ದರಂತೆ. ಬೇಡ ಎಂದು ಹೇಳುವುದು ಅವರ ಧರ್ಮ, ಮಾಡುವುದು ನಮ್ಮ ಧರ್ಮ ಎಂದು ನಾನು ನಂಬಿದ್ದೆ.

ಮನೆಗೆ ಬಂದ ಮೇಲೆ ಕೆನ್ನೆ ಅಲ್ಲಲ್ಲಿ ಗಟ್ಟಿಯಾಗಿತ್ತು. ಒಂದೆರಡು ಕಡೆ ಗಂಟಿನ ಹಾಗೆ ಕೈಗೆ ಸಿಗುತ್ತಿತ್ತು. ಒಂದು ಮಧ್ಯಾಹ್ನ ಕೆಲಸದ ಮನೆಗಳಿಂದ ಬಂದು, ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

“ಅಕ್ಕ, ಡಾಕ್ಟ್ರು ಮುಟ್ಟಬೇಡಿ ಅಂದಿದಾರೆ.”

“ಡಾಕ್ಟ್ರ ಮಕ್ಕಳನ್ನೇ ಬೆಳೆಸಿದ ಕೈ ಕಣೆ ಇದು. ಗಂಟು ಹಂಗೇ ಬಿಟ್ರೆ ಕೆನ್ನೇಲಿ ಕಡ್ಲೆಕಾಯಿ ಇಟ್ಕೊಂಡ ಹಂಗೆ ಕಾಣ್ತೀಯ. ಮೆತ್ತಗೆ ತೀಡ್ತೀನಿ, ಸುಮ್ನಿರು.”

“ನೋವಾಗತ್ತೆ.”

“ಆಗ್ಲಿ. ರಕ್ತ ಓಡಬೇಕು ಅಂತ ಅವರೇ ಹೇಳಿಲ್ವಾ?”

ಅವಳು ಕಣ್ಣು ಮುಚ್ಚಿಕೊಂಡಳು. ನನ್ನ ಮೇಲೆ ನಂಬಿಕೆಯಿಂದಲೋ, ನನ್ನ ಜೊತೆ ಜಗಳ ಬೇಡವೆಂದೋ, ನಾನು ಕೇಳಲಿಲ್ಲ. ಮೂಗಿನ ಪಕ್ಕದಿಂದ ಕಿವಿಯವರೆಗೆ, ಮಕ್ಕಳಿಗೆ ತೀಡುವ ಹಾಗೆಯೇ ತೀಡಿದೆ. ಆಮೇಲೆ ಬಟ್ಟೆ ಬಿಸಿ ಮಾಡಿ ಒತ್ತಿದೆ. ದವಡೆಯ ಮೂಳೆಯ ಹತ್ತಿರ ಮತ್ತು ಕಣ್ಣಿನ ಪಕ್ಕ ಹೊಲಿಗೆಯ ಗುರುತು ಇದ್ದದ್ದರಿಂದ ಅಲ್ಲಿ ಮುಟ್ಟಲಿಲ್ಲ. ಅವಳು ರಜೆಯಲ್ಲಿದ್ದ ಅಷ್ಟೂ ಮಧ್ಯಾಹ್ನ ಹೀಗೇ ನಡೆಯಿತು. ಗಂಟು ಕರಗಿತು. ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ. ಕೆನ್ನೆಯೂ ಇಳಿಯುತ್ತಿದೆ ಎಂದು ಅನ್ನಿಸಿದಾಗ, ಊತ ಇಳಿಯುತ್ತಿದೆ ಎಂದುಕೊಂಡೆ. ತಂಗಿ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು.

ಮೂರು ತಿಂಗಳ ಚಿತ್ರಕ್ಕೆ ಹೋದಾಗ ಚಾಮರಾಜಪೇಟೆಯ ಅಂಗಡಿಗೆ ಬಣ್ಣ ಬಳಿಯುತ್ತಿದ್ದರು. “ಡಾಕ್ಟ್ರು ಏನಂತಾರೆ ಕೇಳ್ಕೊಂಡು ಬಾಮ್ಮ, ಪೂಜೆಗೆ ದಿನ ಇಡ್ಸೋಣ,” ಎಂದು ಮಾಲೀಕರು ಹೇಳಿ ಕಳಿಸಿದ್ದರು.

ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಸರ್ಜರಿಗೆ ಮುಂಚಿನ ಮುಖದ ಮೇಲೆ ಈಗಿನ ಮುಖ ಕೂರಿಸಿದ್ದರು. ಏರಿದ ಕಡೆ ಹಳದಿ, ಕೆಂಪು. ಏನೂ ಬದಲಾಗದ ಕಡೆ ಹಸಿರು. ಹಣೆ, ಬಲಗೆನ್ನೆ, ಮೂಗು ಎಲ್ಲ ಹಸಿರಾಗಿದ್ದವು, ಅವು ಇರಬೇಕಾದದ್ದೇ ಹಾಗೆ. ಎಡಗಡೆ ದವಡೆಯ ಹತ್ತಿರ ಹಳದಿ ಇತ್ತು, ಕಣ್ಣಿನ ಪಕ್ಕ ಕೆಂಪು ಇತ್ತು. ನಡುವೆ ಮೂಗಿನ ಪಕ್ಕದಿಂದ ಹೊರಟು, ಕೆನ್ನೆಯ ಮೂಳೆಯ ಕೆಳಗೆ ಹಾದು, ಕಿವಿಯವರೆಗೆ ಹಸಿರಿನ ಒಂದು ಪಟ್ಟಿ ಇತ್ತು. ಅಲ್ಲಿ ಹಾಕಿದ್ದು ಒಂದು ಹನಿಯೂ ಉಳಿದಿರಲಿಲ್ಲ. ಆ ಪಟ್ಟಿ ನನ್ನ ಹೆಬ್ಬೆರಳು ನಡೆದ ದಾರಿ. ಅಗಲವೂ ಅಷ್ಟೇ ಇತ್ತು. ಹೆಚ್ಚು ಓದದ ನನಗೂ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ.

“ಇದು ವಿಚಿತ್ರ,” ಎಂದರು ಡಾಕ್ಟರು. “ಕರಗಿದ್ರೆ ಎಲ್ಲಾ ಕಡೆ ಒಂದೇ ಥರ ಕರಗಬೇಕಿತ್ತು. ಇಲ್ಲೊಂದೇ ಕಡೆ ಹೋಗಿದೆ. ಎರಡೇ ಕಾರಣ ಇರೋದು. ಕಾಯಿಲೆ ಇನ್ನೂ ಆ ಜಾಗದಲ್ಲಿ ಕೆಲಸ ಮಾಡ್ತಿರಬೇಕು. ಅಥವಾ ಯಾರಾದ್ರೂ ಒತ್ತಿರಬೇಕು. ಕಾಯಿಲೆ ಇನ್ನೂ ಇದೆ ಅಂದ್ರೆ ನಾನು ಈಗ ಮತ್ತೆ ಹಾಕಲ್ಲ, ಹಾಕಿದ್ದೂ ವೇಸ್ಟ್ ಆಗುತ್ತೆ. ಒತ್ತಿದ್ದು ಅಂತಾದ್ರೆ ಸ್ವಲ್ಪ ದಿನ ಬಿಟ್ಟು ಹಾಕಬಹುದು. ಅದಕ್ಕೇ ಕೇಳ್ತಿದೀನಿ. ಮಸಾಜು, ಶಾಖ, ಏನಾದ್ರೂ ಮಾಡಿದ್ರಾ?”

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ನನಗೆ ಪೂರ್ತಿ ಅರ್ಥವಾಯಿತು. ತಂಗಿ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. ಈ ಮಾತು ಅಕ್ಕನದು, ಅಕ್ಕನೇ ಹೇಳಲಿ ಎಂದು ಜಾಗ ಬಿಟ್ಟುಕೊಟ್ಟ ಹಾಗೆ. ಕೋಣೆಯಲ್ಲಿ ಇಬ್ಬರು ನರ್ಸುಗಳಿದ್ದರು. ಅವರಲ್ಲೊಬ್ಬಳು ಚಾಮರಾಜಪೇಟೆಯವಳು, ನಾನು ಮಕ್ಕಳಿಗೆ ನೀರು ಹಾಕುವವಳೆಂದು ಗೊತ್ತಿದ್ದವಳು. ಸ್ವಂತ ತಂಗಿಯ ಕೆನ್ನೆ ಕರಗಿಸಿದಳಂತೆ ಎಂಬ ಮಾತು ಬಸವನಗುಡಿಯ ಅಡುಗೆಮನೆಗಳಿಗೆ ಹೋಗುವುದು ನನಗೆ ಕೇಳಿಸಿಬಿಟ್ಟಿತು.

“ಇಲ್ಲ ಡಾಕ್ಟ್ರೇ,” ಎಂದೆ. “ಯಾರೂ ಮುಟ್ಟಿಲ್ಲ.”

ತಂಗಿ ನಿಧಾನವಾಗಿ ಪರದೆಯ ಕಡೆ ತಿರುಗಿದಳು.

“ಹಾಗಾದ್ರೆ ಒಂದು ವರ್ಷ ಕಾಯೋಣ,” ಎಂದು ಡಾಕ್ಟರು ಬರೆದುಕೊಂಡರು. “ಮತ್ತೆ ಚಿತ್ರ ತೆಗೆದು ನೋಡೋಣ.”

ಮನೆಗೆ ಬಂದು ಅವಳು ಅನ್ನಕ್ಕಿಟ್ಟಳು. ಊಟಕ್ಕೆ ಕೂತಾಗ ನಾನು, “ಕಾಯಿಲೇನೂ ಇರಬಹುದು ಅಲ್ವೇನೇ? ಅವರೇ ಹೇಳಿದ್ರಲ್ಲ,” ಎಂದೆ. “ಇರಬಹುದು,” ಎಂದಳು. ಸಾರು ಬಡಿಸಿದಳು. ಚಾಮರಾಜಪೇಟೆಯ ಅಂಗಡಿಗೆ ಬೇರೊಬ್ಬ ಹುಡುಗಿ ಹೋದಳು. ಆ ಹುಡುಗಿಗೆ ಕೆಲಸ ಕಲಿಸಿಕೊಟ್ಟವಳು ನನ್ನ ತಂಗಿಯೇ. ಅಂಗಡಿಯ ಪೂಜೆಗೆ ನನ್ನನ್ನೂ ಕರೆದಿದ್ದರು. ನಾನು ಹೋಗಿ ಕೋಸಂಬರಿ ತಿಂದು, ಹೂವು ಮುಡಿದುಕೊಂಡು ಬಂದೆ. ತಂಗಿ ಹೋಗಲಿಲ್ಲ. ತಲೆನೋವು ಎಂದಳು.

ಆ ವರ್ಷವಿಡೀ ನಾನು ಹೇಳಬಹುದಿತ್ತು. ಆಸ್ಪತ್ರೆಗೆ ನೇರ ಬಸ್ಸಿತ್ತು. ಹೇಗೂ ವರ್ಷ ಮುಗಿಯುತ್ತಾ ಬಂತು, ಈಗ ಹೇಳಿ ಏನು ಎಂದುಕೊಂಡೆ. ವರ್ಷದ ಶುರುವಿನಲ್ಲಿ, ಈಗ ತಾನೇ ಇಲ್ಲವೆಂದು ಬಂದವಳು ಹೇಗೆ ಹೋಗಿ ಹೇಳಲಿ ಎಂದುಕೊಂಡಿದ್ದೆ. ಕೆಲಸದ ಮನೆಗಳಲ್ಲಿ ಮಗುವಿನ ಕೆನ್ನೆಗೆ ಬೆರಳಿಡುವಾಗ ಆ ಹಸಿರು ಪಟ್ಟಿ ಕಣ್ಣ ಮುಂದೆ ಬರುತ್ತಿತ್ತು. ಆದರೂ ತೀಡುತ್ತಿದ್ದೆ. “ಕೈಗುಣ” ಎಂದರೆ ಈಗಲೂ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ಹೆಚ್ಚು ನಾಚಿಕೆಯಾಗುವುದು ಈ ಸಾಲಿಗೆ.

ವರ್ಷದ ಮೇಲೆ ತೆಗೆದ ಚಿತ್ರದಲ್ಲಿ ಏನೂ ಕದಲಿರಲಿಲ್ಲ. ಮೂರು ತಿಂಗಳ ಮುಖದ ಮೇಲೆ ಈ ಮುಖ ಇಟ್ಟರೆ ಹಣೆಯಿಂದ ಗಲ್ಲದವರೆಗೆ ಪೂರ್ತಿ ಹಸಿರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಾಯಿಲೆ ನಿಂತಿದೆ. ಬಹಳ ಹಿಂದೆಯೇ ನಿಂತಿದೆ. ಹಾಗಿದ್ರೆ ಅವತ್ತು ಅದು ಯಾಕೆ ಹೋಯ್ತು?”

ನಾನು ನೆಲ ನೋಡುತ್ತಿದ್ದೆ. ಬಾಯಿ ತೆರೆಯಬೇಕೆಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಹೊರಟಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

“ನಾನೇ ಒತ್ತಿದ್ದೆ ಸಾರ್,” ಎಂದಳು ತಂಗಿ. “ಗಂಟು ಸಿಗ್ತಿತ್ತು. ಎಣ್ಣೆ ಹಾಕಿ ತೀಡ್ತಿದ್ದೆ. ಹೆದರ್ಕೊಂಡು ಅವತ್ತು ಹೇಳಲಿಲ್ಲ.”

ಡಾಕ್ಟರು ಬೈದರು. ಜೋರಾಗಿ ಅಲ್ಲ, ಆದರೆ ಬಹಳ ಹೊತ್ತು. ಓದಿದವರು ನೀವು, ಕಂಪ್ಯೂಟರ್ ಕೆಲಸ ಮಾಡೋರು, ಹಳೇಕಾಲದ ಹೆಂಗಸರ ಹಾಗೆ ಮಾಡ್ತೀರಲ್ಲ. ನಿಜ ಹೇಳಿದ್ರೆ ಒಂದು ವರ್ಷ ಉಳೀತಿತ್ತು. ಚಿತ್ರ ತೆಗೆಯೋದು ಚೆಂದಕ್ಕಲ್ಲ, ಅದರ ಮೇಲೆ ನಾನು ತೀರ್ಮಾನ ಮಾಡ್ತೀನಿ, ಸುಳ್ಳು ಹೇಳಿದ್ರೆ ನನ್ನ ತೀರ್ಮಾನವೂ ಸುಳ್ಳಾಗುತ್ತೆ ಎಂದರು. ಅವಳು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡಳು. ನಾನು ಅವಳ ಪಕ್ಕದಲ್ಲಿ, ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಅವರು ನನ್ನ ಕಡೆ ನೋಡಿ, “ನೀವಾದ್ರೂ ನೋಡ್ಕೋಬಾರದಾ ಅಮ್ಮ? ದೊಡ್ಡೋರು,” ಎಂದರು. ಅದಕ್ಕೂ ನಾನು ತಲೆಯಾಡಿಸಿದೆ.

ಎರಡನೆಯ ಸರ್ಜರಿಗೆ ದಿನ ಗೊತ್ತಾಯಿತು. ಮನೆಗೆ ಬಂದ ಮೇಲೆ ತಂಗಿ ಬಟ್ಟೆ ಮಡಿಸುತ್ತಾ, “ಆಮೇಲೆ ನಾನು ಮತ್ತಿಕೆರೇಲಿ ಇರ್ತೀನಕ್ಕ, ನನ್ನ ಫ್ರೆಂಡ್ ರೂಮಲ್ಲಿ. ಅವಳು ರಜ ಹಾಕ್ತಾಳಂತೆ,” ಎಂದಳು.

“ಇಲ್ಲೇ ಇರೇ. ನಾನು ಮುಟ್ಟಲ್ಲ. ದೇವರಾಣೆ ಮುಟ್ಟಲ್ಲ.”

“ಗೊತ್ತು.”

“ಮತ್ತೆ?”

ಅವಳು ಮಡಿಸಿದ ಚೂಡಿದಾರವನ್ನು ಮತ್ತೆ ಬಿಡಿಸಿ ಮಡಿಸಿದಳು. “ನೀನು ತೀಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನೇ ತಾನೆ ತಲೆ ಕೊಟ್ಟಿದ್ದು. ನಂಗೂ ಬುದ್ಧಿ ಇರಲಿಲ್ಲ. ಆದ್ರೆ ಅವತ್ತು ಅವರು ಕೇಳಿದಾಗ ನೀನು ಇಲ್ಲ ಅಂದ್ಯಲ್ಲ, ಆಗ ನಿಂಗೆ ಗೊತ್ತಿತ್ತು.”

“ನಾಳೇನೇ ಹೋಗಿ ಡಾಕ್ಟ್ರಿಗೆ ಹೇಳ್ತೀನಿ.”

“ಬೇಡ. ಈಗ ಹೇಳಿದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ, ನಾನು ಸುಳ್ಳಿ ಆಗ್ತೀನಿ. ಸುಮ್ನಿದ್ಬಿಡು.”

ಅವಳು ಮತ್ತಿಕೆರೆಯಲ್ಲಿದ್ದಷ್ಟು ದಿನವೂ ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ವಿದ್ಯಾರ್ಥಿಗಳೇ ತುಂಬಿದ್ದ ಕಟ್ಟಡದ ಮೂರನೇ ಮಹಡಿ. ಅವಳ ಗೆಳತಿ ಬಾಗಿಲು ತೆಗೆದು, “ಬನ್ನಿ ಅಕ್ಕ,” ಎಂದು ಕೂರಿಸಿ ಕಾಫಿ ಕೊಡುತ್ತಿದ್ದಳು. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ. ಆದರೆ ನಾನಿದ್ದಷ್ಟು ಹೊತ್ತೂ ಆ ಹುಡುಗಿ ಕೋಣೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ತಂಗಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಏನಾದರೊಂದು ಓದುತ್ತಿರುತ್ತಿದ್ದಳು. ಅವಳಿಗೆ ಎಷ್ಟು ಗೊತ್ತಿತ್ತೋ ತಿಳಿಯದು. ನಾನು ಕೇಳುವ ಹಾಗಿರಲಿಲ್ಲ. ಡಬ್ಬಿ ಖಾಲಿಯಾದ ಮೇಲೆ ತೊಳೆದುಕೊಂಡು ಮಾವಳ್ಳಿಗೆ ಬರುತ್ತಿದ್ದೆ.

ಮೂರು ತಿಂಗಳಾದ ಮೇಲೆ ಚಿತ್ರಕ್ಕೆ ಹೋದ ದಿನ ಆಸ್ಪತ್ರೆಗೆ ನಾನೂ ಹೋದೆ. ಹೆಸರು ಕರೆದಾಗ ಚೀಲ ತೆಗೆದುಕೊಂಡು ಎದ್ದೆ. ತಂಗಿ ನನ್ನ ಕೈಯಿಂದ ಚೀಲ ತೆಗೆದುಕೊಂಡು, “ನೀನು ಇಲ್ಲೇ ಕೂತಿರಕ್ಕ,” ಎಂದಳು. ನಾನು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಡಾಕ್ಟರ ನಗು ಕೇಳಿಸಿತು. ಆಮೇಲೆ ಅವಳದೂ ಕೇಳಿಸಿತು. ಹೊರಗೆ ಬಂದು, “ಉಳಿದಿದೆಯಂತೆ,” ಎಂದಳು. ಯಾವ ಬಣ್ಣ, ಎಲ್ಲಿಂದ ಎಲ್ಲಿಗೆ, ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೆನ್ನೆ ನನ್ನ ಕಣ್ಣೆದುರೇ ಇತ್ತು, ತುಂಬಿಕೊಂಡಿತ್ತು. ಇವತ್ತಿಗೂ ಇದೆ. ಆ ಚಿತ್ರವನ್ನು ಮಾತ್ರ ನಾನು ನೋಡಿಲ್ಲ.